ಒರಟುನುಡಿಯೂ ಒಲವಿನ ಮರ್ಯಾದೆಯೂ

1

ಕನ್ನಡದಲ್ಲಿ ಒಂದು ಸಾಮಾನ್ಯ ಸುದ್ದಿಯನ್ನು ಹೇಳುವಾಗಲೂ ಆಡುವವರು ತಮಗರಿವಿಲ್ಲದೆಯೇ ಒಂದು ತೀರ್ಪನ್ನು ಕೊಟ್ಟುಬಿಡುತ್ತಾರೆ. ‘ಮಳೆ ಬಂತು ಕಣೋ’, ‘ಮಳೆ ಬಂತು ಕಣೇ’, ‘ಮಳೆ ಬಂತು ಕಣ್ರೀ’ ಎಂಬ ಮೂರು ಮಾತುಗಳಲ್ಲಿ ಮಳೆಯ ಸಮಾಚಾರ ಒಂದೇ; ಕೇಳುವವರಿಗೆ ಕೊಟ್ಟ ಸ್ಥಾನ ಮಾತ್ರ ಬೇರೆ ಬೇರೆ. ಮೊದಲನೆಯದು ಗಂಡಸಿಗೆ, ಎರಡನೆಯದು ಹೆಂಗಸಿಗೆ. ಮೂರನೆಯದು ಇಬ್ಬರಿಗೂ ಸಲ್ಲುತ್ತದೆ. ಸಲಿಗೆಯಿದ್ದಲ್ಲಿ ಲಿಂಗಭೇದ ಎದ್ದು ಕಾಣುತ್ತದೆ. ಗೌರವ ಬಂದೊಡನೆ ಅದು ಮರೆಯಾಗುತ್ತದೆ. ಪ್ರಥಮಪುರುಷದಲ್ಲಿಯೂ ಇದೇ ನ್ಯಾಯ. ‘ಅವನು ಬಂದನು’, ‘ಅವಳು ಬಂದಳು’ ಎಂಬಲ್ಲಿ ಗಂಡುಹೆಣ್ಣುಗಳು ಸ್ಪಷ್ಟ. ‘ಅವರು ಬಂದರು’ ಎಂದಾಗ ಬಂದವರು ಯಾರೆಂಬುದನ್ನು ಸಂದರ್ಭವೇ ತಿಳಿಸಬೇಕು.

ಇದು ಬರಿಯ ವ್ಯಾಕರಣದ ವಿಷಯವಲ್ಲ. ಗಂಡುಹೆಣ್ಣುಗಳ ಆಕರ್ಷಣೆಗೆ ಎದುರಿಗಿರುವವರು ಗಂಡು ಅಥವಾ ಹೆಣ್ಣು ಎಂಬ ಅರಿವೇ ಮೂಲ. ಗೌರವವಾದರೋ ಆ ಅರಿವನ್ನು ಹಿಂದಿಟ್ಟು ವ್ಯಕ್ತಿಯನ್ನು ಮುಂದಿಡುತ್ತದೆ. ಹೀಗೆ ನಮ್ಮ ಭಾಷೆ ಒಲವಿಗೆ ಏಕವಚನವನ್ನೂ ಮನ್ನಣೆಗೆ ಬಹುವಚನವನ್ನೂ ಬೇರೆ ಬೇರೆ ಮಣೆಗಳಾಗಿ ಹಾಕಿದೆ. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು: ‘ಅಣ್ಣಾ’, ‘ಅಕ್ಕಾ’, ‘ಅವ್ವಾ’, ‘ಅಮ್ಮಾ’ ಎಂಬ ಬಂಧುವಾಚಕಗಳು. ಇವುಗಳಲ್ಲಿ ಲಿಂಗವೂ ಉಂಟು, ಗೌರವವೂ ಉಂಟು. ಆದರೆ ಆಕರ್ಷಣೆಗೆ ಬಾಗಿಲು ಮುಚ್ಚಿರುತ್ತದೆ. ಅಪರಿಚಿತ ಸ್ತ್ರೀಪುರುಷರು ಬಸ್ಸಿನಲ್ಲಿಯೋ ಸಂತೆಯಲ್ಲಿಯೋ ಎದುರಾದಾಗ ಹಳ್ಳಿಗರು ಈ ಮಾತುಗಳನ್ನೇ ಆಯ್ದುಕೊಳ್ಳುವುದರಲ್ಲಿ ಎಷ್ಟು ವಿವೇಕವಿದೆಯೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಒಲವು, ಮನ್ನಣೆ ಎರಡನ್ನೂ ಒಟ್ಟಿಗೆ ಬಯಸುವ ಗಂಡುಹೆಣ್ಣುಗಳ ಗತಿಯೇನು? ಅವರ ನಡುವೆ ಒರಟುನುಡಿ, ಬೀದಿಮಾತು, ಗ್ರಾಮ್ಯಪದ ನುಸುಳಿದಾಗ ಆಗುವುದೇನು? ಹಿರಿಯರ ಪಕ್ಷದಲ್ಲಿ ಇದಕ್ಕೆ ಸಿದ್ಧವಾದ ಉತ್ತರವಿದೆ: ಹಗುರವಾದ ಮಾತು ಮೊದಲು ಗೌರವವನ್ನು ಕೆಡಿಸುತ್ತದೆ, ಅನಂತರ ಒಲವನ್ನು. ಕಿರಿಯರ ಪಕ್ಷದಲ್ಲಿಯೂ ಅಷ್ಟೇ ಸಿದ್ಧವಾದ ಉತ್ತರವಿದೆ: ಸಲಿಗೆಯಿಲ್ಲದ ಗೌರವ ಬರಿಯ ದೂರ. ಎರಡು ಪಕ್ಷಗಳೂ ಗುಣದೋಷಗಳನ್ನು ಪದದಲ್ಲಿಯೇ ಹುಡುಕುತ್ತವೆ. ಆದರೆ ಕನ್ನಡ ಕಾವ್ಯಗಳ ಮತ್ತು ಮನೆಮಾತುಗಳ ಸಾಕ್ಷ್ಯವನ್ನು ನೋಡಿದರೆ ನಿರ್ಣಾಯಕವಾದುದು ಪದವಲ್ಲ, ಮರುನುಡಿಯ ಅಧಿಕಾರ ಎಂದು ತೋರುತ್ತದೆ. ಆಡಿದ ಮಾತನ್ನೇ ತಿರುಗಿಸಿ ಆಡುವ ಹಕ್ಕು ಎದುರಿನವರಿಗೆ ಇದ್ದರೆ ಒರಟುನುಡಿ ಸಲಿಗೆಯಾಗುತ್ತದೆ. ಇಲ್ಲದಿದ್ದರೆ ಅತ್ಯಂತ ನಯವಾದ ನುಡಿಯೂ ಅವಮಾನವಾಗುತ್ತದೆ.

2

ಗ್ರಾಮ್ಯತೆಯ ಚರ್ಚೆ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ‘ಕವಿರಾಜಮಾರ್ಗ’ವು ಅನೇಕ ವಿಷಯಗಳಲ್ಲಿ ಅನುಸರಿಸುವ ದಂಡಿಯ ‘ಕಾವ್ಯಾದರ್ಶ’ದಲ್ಲಿ ಈ ದೋಷಕ್ಕೆ ಕೊಟ್ಟಿರುವ ನಿದರ್ಶನ ವಿಚಾರಾರ್ಹವಾದುದು. ಅದು ಹಳ್ಳಿಗನ ಮಾತೂ ಅಲ್ಲ, ಅಪಭ್ರಂಶವೂ ಅಲ್ಲ. ಒಬ್ಬ ಪುರುಷನು ಕನ್ಯೆಯೊಬ್ಬಳಿಗೆ ಶುದ್ಧವಾದ ಸಂಸ್ಕೃತದಲ್ಲಿ ಆಡುವ ಮಾತು. ತಾನು ಅವಳನ್ನು ಬಯಸುತ್ತಿರುವಾಗ ಅವಳೇಕೆ ತನ್ನನ್ನು ಬಯಸುವುದಿಲ್ಲವೆಂದು ಅವನು ನೇರವಾಗಿ ಕೇಳುತ್ತಾನೆ. ಇದು ಗ್ರಾಮ್ಯ, ರಸಭಂಗಕರ ಎಂದು ದಂಡಿಯ ನಿರ್ಣಯ. ಇದರ ಪಕ್ಕದಲ್ಲಿಯೇ ಅವನು ಗ್ರಾಮ್ಯವಲ್ಲದ ಮಾತನ್ನೂ ಇಡುತ್ತಾನೆ: ಅಲ್ಲಿ ಪ್ರೇಮಿಯು ಕಾಮದೇವನನ್ನು ದೂರುತ್ತಾನೆ, ಅವನು ತನ್ನಲ್ಲಿ ನಿರ್ದಯನಾಗಿದ್ದರೂ ಅವಳಲ್ಲಿ ಮತ್ಸರವಿಲ್ಲದೆ ಇರುವುದು ಪುಣ್ಯವೆನ್ನುತ್ತಾನೆ.

ಇವೆರಡರ ವ್ಯತ್ಯಾಸವನ್ನು ಸಾಮಾನ್ಯವಾಗಿ ವಕ್ರೋಕ್ತಿಯ ಚೆಲುವಿನಲ್ಲಿ ಕಾಣುವುದುಂಟು. ಅದಕ್ಕಿಂತ ಆಳವಾದ ವ್ಯತ್ಯಾಸವೊಂದು ಇಲ್ಲಿದೆ. ಮೊದಲ ಮಾತು ಹೆಣ್ಣನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಅವಳ ನಿರಾಕರಣೆಯನ್ನು ಅಪರಾಧವಾಗಿ ಮಾಡಿ ಕಾರಣ ಕೇಳುತ್ತದೆ. ಎರಡನೆಯದು ಬೇಗೆ ತನ್ನದೆಂದು ಒಪ್ಪಿಕೊಂಡು ಅವಳನ್ನು ಅವಳ ಪಾಡಿಗೆ ಬಿಡುತ್ತದೆ. ಬೇಕಾದರೆ ಅವಳು ನಕ್ಕುಬಿಡಬಹುದು, ಉತ್ತರ ಕೊಡಬಹುದು, ಸುಮ್ಮನಿರಬಹುದು. ಗ್ರಾಮ್ಯತೆಯು ಶಬ್ದದ ಕೊಳೆಯಲ್ಲ, ಎದುರಿನವರ ಸ್ವಾತಂತ್ರ್ಯದ ಮೇಲೆ ನಡೆಸುವ ಬಲಾತ್ಕಾರ ಎಂಬ ಅರ್ಥ ಇಲ್ಲಿಂದ ಹೊರಡುತ್ತದೆ.

ಆದರೆ ಇದೇ ನಿದರ್ಶನದಲ್ಲಿ ಕಣ್ಣಿಗೆ ಚುಚ್ಚುವ ಸಂಗತಿಯೊಂದಿದೆ. ಸಭ್ಯವೆನಿಸಿದ ಆ ಎರಡನೆಯ ಮಾತಿನಲ್ಲಿ ಕಾಮನನ್ನು ಬೈಯಲು ಬಳಸಿರುವುದು ‘ಚಾಂಡಾಲ’ ಎಂಬ ಪದ. ಎದುರಿನ ಹೆಣ್ಣಿನ ಗೌರವವನ್ನು ಕಾಯಲು ಅಲ್ಲಿಲ್ಲದ ಒಂದು ಜನಸಮುದಾಯದ ಹೆಸರನ್ನು ಬೈಗುಳವಾಗಿ ತೆತ್ತಿದ್ದಾಗಿದೆ. ಅಲಂಕಾರಿಕರ ಕಿವಿಗೆ ಅದು ಗ್ರಾಮ್ಯವಾಗಿ ಕೇಳಿಸಲಿಲ್ಲ, ಏಕೆಂದರೆ ಆ ಸಮುದಾಯದವರು ಆ ಗೋಷ್ಠಿಯಲ್ಲಿ ಕುಳಿತು ಮರುನುಡಿಯುವಂತಿರಲಿಲ್ಲ. 12ನೆಯ ಶತಮಾನದ ಶರಣರು ಸಂಬೋಧನೆಯ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡಾಗ ಈ ಕೊರತೆಯನ್ನು ತುಂಬಿದರು. ಆದರದ ಕರೆಯಲ್ಲಿ ಸ್ವರ್ಗವನ್ನೂ ತಾತ್ಸಾರದ ಕರೆಯಲ್ಲಿ ನರಕವನ್ನೂ ಕಂಡ ಬಸವಣ್ಣನವರ ವಚನ ಎಲ್ಲರಿಗೂ ಪರಿಚಿತವಾದುದು. ಆದರೆ ಆದರವೆಂದರೆ ಅವರಲ್ಲಿ ಮೆದುಮಾತು ಮಾತ್ರವಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ಆಸೆಬುರುಕತನಕ್ಕಾಗಿ ಕಟುವಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಅವನು ಅದನ್ನು ತಲೆಬಾಗಿ ಕೇಳುತ್ತಾನೆ. ಆ ದಾಂಪತ್ಯದ ಗೌರವಕ್ಕೆ ಆ ಕಟುನುಡಿಯಿಂದ ಕುಂದು ಬಂದಿತೆಂದು ಯಾರೂ ಹೇಳಲಾರರು.

3

ಗೌರವವೂ ಆಕರ್ಷಣೆಯೂ ಒಂದೇ ಬಳ್ಳಿಯ ಹೂಗಳೆಂಬ ನಂಬಿಕೆಯನ್ನು ಜನ್ನನ ‘ಯಶೋಧರ ಚರಿತೆ’ ನಿರ್ದಾಕ್ಷಿಣ್ಯವಾಗಿ ಒಡೆಯುತ್ತದೆ. 1209ರಲ್ಲಿ ರಚಿತವಾದ ಈ ಕಾವ್ಯದಲ್ಲಿ ಅರಸಿ ಅಮೃತಮತಿಯನ್ನು ಸೆಳೆಯುವುದು ರೂಪವಲ್ಲ, ಧ್ವನಿ. ಇರುಳಿನಲ್ಲಿ ಕೇಳಿಬಂದ ಮಾವಟಿಗ ಅಷ್ಟಾವಂಕನ ಹಾಡಿಗೆ ಅವಳು ಮರುಳಾಗುತ್ತಾಳೆ; ಅವನ ಕುರೂಪವನ್ನು ದೂತಿ ವಿವರವಾಗಿ ವರ್ಣಿಸಿದರೂ ಹಿಂಜರಿಯುವುದಿಲ್ಲ. ಆದರೆ ಹಾಡಿದ ಬಾಯಿಯೇ ಬೈಯುತ್ತದೆ. ಅವಳು ತಡವಾಗಿ ಬಂದ ರಾತ್ರಿ ಅವನು ಅವಳನ್ನು ಹಿಡಿದೆಳೆದು ಹೊಡೆದು ನಿಂದಿಸುತ್ತಾನೆ. ಅವಳಾದರೋ ಅವನನ್ನೇ ಬೇಡಿಕೊಳ್ಳುತ್ತಾಳೆ.

ಅರಮನೆಯಲ್ಲಿ ಅಮೃತಮತಿಗೆ ಸಿಗುತ್ತಿದ್ದುದು ಬಹುಮಾನದ ನುಡಿ. ಗಜಶಾಲೆಯಲ್ಲಿ ಸಿಕ್ಕಿದ್ದು ತಿರಸ್ಕಾರದ ನುಡಿ. ಆದರೂ ಸೆಳೆತ ಉಳಿದುದು ಎರಡನೆಯ ಕಡೆಗೆ. ಒರಟುನುಡಿ ಆಕರ್ಷಣೆಯನ್ನು ಕೊಂದೇ ಕೊಲ್ಲುತ್ತದೆಂಬ ಹಿರಿಯರ ವಾದಕ್ಕೆ ಇಲ್ಲಿ ಆಧಾರವಿಲ್ಲ. ಆದರೆ ಒರಟುನುಡಿಯೇ ಸಲಿಗೆಯೆಂಬ ಕಿರಿಯರ ವಾದಕ್ಕೂ ಇಲ್ಲಿ ನೆಲೆಯಿಲ್ಲ. ಅಷ್ಟಾವಂಕನು ಬೈದಂತೆ ಅಮೃತಮತಿ ಬೈಯಲಾರಳು. ಅವನ ಮಾತಿಗೆ ಅವಳಲ್ಲಿರುವ ಒಂದೇ ಉತ್ತರ ಬೇಡಿಕೆ. ಆಕರ್ಷಣೆ ಮರುನುಡಿಯಿಲ್ಲದೆಯೂ ಬದುಕಬಲ್ಲುದು, ಗೌರವ ಬದುಕಲಾರದು. ಹೀಗೆ ಬದುಕಿದ ಆಕರ್ಷಣೆ ದೈನ್ಯವಾಗಿ ಪರಿಣಮಿಸುತ್ತದೆ. ಅರಸಿಯ ಪದವಿಯೂ ಅವಳನ್ನು ಅದರಿಂದ ಕಾಯಲಿಲ್ಲವೆಂಬುದೇ ಜನ್ನನ ದರ್ಶನದ ಕ್ರೂರತೆ.

ಇದಕ್ಕೆ ತೀರ ಎದುರಾದ ಚಿತ್ರ ಮುದ್ದಣನ (1870–1901) ‘ಶ್ರೀ ರಾಮಾಶ್ವಮೇಧ’ದಲ್ಲಿದೆ. ರಾಮಕಥೆಗಿಂತಲೂ ಅದನ್ನು ಹೇಳುವ ಮುದ್ದಣ ಮತ್ತು ಕೇಳುವ ಮನೋರಮೆಯರ ಸಲ್ಲಾಪವೇ ಕನ್ನಡಿಗರ ನೆನಪಿನಲ್ಲಿ ಹೆಚ್ಚಾಗಿ ನಿಂತಿದೆ. ಆ ಸಲ್ಲಾಪದ ಜೀವಾಳ ಮನೋರಮೆಯ ಕೊಂಕುನುಡಿ. ಗಂಡ ಪದ್ಯದಲ್ಲಿ ಹೇಳಹೊರಟರೆ ಅವಳು ಗದ್ಯವನ್ನು ಕೇಳುತ್ತಾಳೆ. ಸಂಸ್ಕೃತವನ್ನು ತುಂಬಿದರೆ ಗೇಲಿ ಮಾಡಿ ತಿಳಿಗನ್ನಡವನ್ನು ಬೇಡುತ್ತಾಳೆ. ಕೊಂಕಿಗೆ ಅವಳು ಬಳಸುವ ಉಪಮಾನ ಅಡಿಗೆಮನೆಯದು. ಅದರ ಪೆಟ್ಟು ಬೀಳುವುದು ಪಂಡಿತನ ಮೇಲೆ. ಅವನು ಮುನಿಯುವುದಿಲ್ಲ, ಸಮಜಾಯಿಷಿ ಹೇಳುತ್ತಾನೆ, ಕೆಲವೆಡೆ ಸೋಲನ್ನು ಒಪ್ಪುತ್ತಾನೆ, ಕೆಲವೆಡೆ ತಾನೂ ಕೆಣಕುತ್ತಾನೆ. ಪಾಂಡಿತ್ಯಕ್ಕೆ ಸಲ್ಲುವ ಗೌರವವನ್ನು ಕಳೆದುಕೊಂಡು ಅವನು ಗಳಿಸಿದುದು ಸಖ್ಯದ ಗೌರವ. ಉಡುಪಿಯ ಅಧ್ಯಾಪಕನೊಬ್ಬನು ತನ್ನ ಹೆಸರನ್ನು ಮರೆಮಾಚಿ ಬರೆದ ಈ ಸಂಭಾಷಣೆಯಲ್ಲಿ ಕನ್ನಡದ ಹೆಣ್ಣು ಭಾಷೆಯ ವಿಷಯದಲ್ಲಿಯೇ ಗಂಡಿಗೆ ಗುರುವಾದಳು.

4

ಶಿಷ್ಟರ ಸರಸದಲ್ಲಿ ಮರುನುಡಿಗೆ ಅವಕಾಶವಿರುವುದು ಆಶ್ಚರ್ಯವಲ್ಲವೆನ್ನಬಹುದು. ನಿಜವಾದ ಪರೀಕ್ಷೆ ಬೀದಿಮಾತಿನದು. ಜಿ.ಪಿ. ರಾಜರತ್ನಂ ಅವರು 1930ರ ದಶಕದಲ್ಲಿ ‘ರತ್ನನ ಪದಗಳು’ ರಚಿಸಿದಾಗ ಕನ್ನಡ ಕಾವ್ಯದ ಪಡಸಾಲೆಗೆ ಹೆಂಡದಂಗಡಿಯ ಮಾತು ನೇರವಾಗಿ ಕಾಲಿಟ್ಟಿತು. ರತ್ನನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೆಂಡ ಯೆಂಡವಾಗುತ್ತದೆ, ಹೆಂಡತಿ ಯೆಡ್ತಿಯಾಗುತ್ತಾಳೆ. ವ್ಯಾಕರಣದ ಗೌರವವಾಚಕಗಳಿಗೆ ಅಲ್ಲಿ ಎಡೆಯೇ ಇಲ್ಲ. ಆದರೂ ಊರೊಂದು, ಸೂರೊಂದು, ಮಲಗಲು ನೆಲ, ಇವುಗಳ ಜೊತೆಗೆ ನಗುತ್ತ ಉಪ್ಪುಗಂಜಿ ಕೊಡುವ ಪುಟ್ನಂಜಿಯೊಬ್ಬಳಿದ್ದರೆ ತನ್ನ ಪ್ರಪಂಚ ಪೂರ್ಣವಾಯಿತೆನ್ನುವ ಆ ಕುಡುಕನ ಮಾತಿನಲ್ಲಿರುವ ಮನ್ನಣೆ ಅನೇಕ ಅಷ್ಟಾದಶವರ್ಣನೆಗಳ ನಾಯಿಕೆಗೆ ದೊರೆತಿಲ್ಲ. ಗಂಜಿಯ ಜೊತೆ ಅವನು ನಗೆಯನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆಂಬುದನ್ನು ಗಮನಿಸಬೇಕು. ಗಂಜಿಯನ್ನು ಅಧಿಕಾರದಿಂದ ಪಡೆಯಬಹುದು. ನಗೆಯನ್ನು ಹಾಗೆ ಪಡೆಯಲಾಗದು. ಅದು ಅವಳ ಮರುನುಡಿ.

ಆದರೆ ವಿಮರ್ಶೆ ಇಲ್ಲಿಗೇ ನಿಂತರೆ ಪಕ್ಷಪಾತವಾದೀತು. ಇದೇ ರತ್ನನು ಇನ್ನೊಂದು ಪ್ರಸಿದ್ಧ ಪದದಲ್ಲಿ ದೇವರು ಬಂದು ಕೇಳಿದರೆ ಹೆಂಡವನ್ನು ಬಿಡಲು ಸಿದ್ಧನಾಗುತ್ತಾನೆ, ಹೆಂಡತಿಯನ್ನು ಬಿಡಲೂ ಸಿದ್ಧನಾಗುತ್ತಾನೆ. ಕನ್ನಡವನ್ನು ಮಾತ್ರ ನರಕಕ್ಕೆ ತಳ್ಳಿದರೂ ಬಿಡಲಾರೆನೆನ್ನುತ್ತಾನೆ. ಕನ್ನಡಸಂಘಗಳ ಉತ್ಸವಗಳಲ್ಲಿ ಈ ಪದವನ್ನು ಹಾಡಿದಾಗ ಚಪ್ಪಾಳೆ ಬೀಳುವುದು ಸಹಜ. ಅದೇ ವೇದಿಕೆಯ ಮುಂದೆ ಸಾಲುಗಟ್ಟಿ ಕುಳಿತ ಹೆಂಗಸರೂ ಚಪ್ಪಾಳೆ ತಟ್ಟುತ್ತಾರೆ. ಆದರೂ ಪುಟ್ನಂಜಿಯ ಪದಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಅಲ್ಲಿ ಅವಳು ಎದುರಿಗಿದ್ದಾಳೆ. ಇಲ್ಲಿ ಗಂಡಿಗೂ ದೇವರಿಗೂ ನಡೆಯುವ ವ್ಯವಹಾರದಲ್ಲಿ ಅವಳು ಒಂದು ಬಾಬತ್ತಾಗಿದ್ದಾಳೆ. ನುಡಿ ಎರಡೂ ಕಡೆ ಒಂದೇ, ರತ್ನನೂ ಒಬ್ಬನೇ. ಕೇಳುವವಳಾಗಿದ್ದವಳು ಹೇಳಿಸಿಕೊಳ್ಳುವವಳಾದಾಗ ಒರಟುನುಡಿಯ ಗುಣವೇ ಬದಲಾಯಿತು. ಕನ್ನಡದ ಮೇಲಣ ಪ್ರೇಮದ ಪ್ರಮಾಣಕ್ಕೆ ಹೆಣ್ಣನ್ನು ತೂಕದ ಕಲ್ಲಾಗಿ ಬಳಸಿದ ಆ ವಿನೋದವನ್ನು ವಿನೋದವೆಂದೇ ತಿಳಿಯಬಹುದು. ಅದರ ಬೆಲೆ ಯಾರದೆಂಬುದನ್ನು ಮರೆಯಬೇಕಾಗಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇದೇ ತಾರತಮ್ಯವನ್ನು ವಿಸ್ತಾರವಾದ ಭಿತ್ತಿಯ ಮೇಲೆ ತೋರಿಸುತ್ತದೆ. ಅಲ್ಲಿ ಒಡೆಯರು ಆಳುಗಳನ್ನು ಕರೆಯುವುದೂ ಏಕವಚನದಲ್ಲಿ, ಕೂಲಿಗಳಾದ ಐತ ಮತ್ತು ಪೀಂಚಲು ಒಬ್ಬರನ್ನೊಬ್ಬರು ಕರೆಯುವುದೂ ಏಕವಚನದಲ್ಲಿ. ಮೊದಲನೆಯದು ಇಳಿಜಾರಿನ ನೀರು, ಮೇಲಕ್ಕೆ ಹರಿಯದು. ಎರಡನೆಯದು ಇಬ್ಬರ ನಡುವೆ ಹೋಗಿಬರುವ ಉಯ್ಯಾಲೆ.

5

ಕಾವ್ಯದಿಂದ ಮನೆಗೆ ಬಂದರೆ ವಿಷಯ ಇನ್ನಷ್ಟು ತೊಡಕಾಗುತ್ತದೆ. ಹಳೆಯ ಮೈಸೂರಿನ ಮನೆಗಳಲ್ಲಿ ಹೆಂಡತಿ ಗಂಡನನ್ನು ‘ರೀ’ ಎಂದೂ ಗಂಡ ಹೆಂಡತಿಯನ್ನು ‘ಲೇ’ ಎಂದೂ ಕರೆಯುವುದು ರೂಢಿಯಾಗಿತ್ತು. ಇಂದಿಗೂ ಅನೇಕ ಮನೆಗಳಲ್ಲಿ ಇದೆ. ಹೊರನಾಡಿನ ಕನ್ನಡಿಗರು ತಮ್ಮ ನೆರೆಮನೆಗಳಲ್ಲಿ ಇದೇ ಜೋಡಿಯನ್ನು ಬೇರೆ ಬೇರೆ ವೇಷಗಳಲ್ಲಿ ಕೇಳಿದ್ದಾರೆ. ಮುಂಬಯಿ, ಪುಣೆಗಳಲ್ಲಿ ಅದು ‘ಅಹೋ’ ಮತ್ತು ‘ಅಗ’. ಚೆನ್ನೈಯಲ್ಲಿ ‘ಎನ್ನಂಗ’ ಮತ್ತು ‘ಅಡಿ’. ಹೈದರಾಬಾದಿನಲ್ಲಿ ‘ಏಮಂಡೀ’ ಮತ್ತು ‘ಏಮೇ’. ದೆಹಲಿಯ ಹಳೆಯ ಬೀದಿಗಳಲ್ಲಿ ‘ಅಜೀ’ ಮತ್ತು ‘ಅರೀ’. ಭಾಷಾಕುಲಗಳು ಬೇರೆಯಾದರೂ ಮನೆಯ ವ್ಯಾಕರಣ ಒಂದೇ: ಹೆಣ್ಣು ಗಂಡಿಗೆ ಕೊಡುವುದು ಗೌರವ, ಗಂಡು ಹೆಣ್ಣಿಗೆ ಕೊಡುವುದು ಸಲಿಗೆ. ಗಂಡನ ‘ಲೇ’ಯಲ್ಲಿ ಮುದ್ದು ಇರುವುದುಂಟು, ಆದರೆ ಆ ಮುದ್ದನ್ನು ಅದೇ ನಾಣ್ಯದಲ್ಲಿ ಹಿಂದಿರುಗಿಸುವ ಅಧಿಕಾರ ಹೆಂಡತಿಗಿರಲಿಲ್ಲ. ಗಂಡನ ಹೆಸರನ್ನೇ ಅವಳು ಉಚ್ಚರಿಸುವಂತಿರಲಿಲ್ಲ.

ಆ ಕಟ್ಟನ್ನು ಸಡಿಲಿಸುವ ಉಪಾಯವನ್ನೂ ಜನಪದವೇ ಕಂಡುಕೊಂಡಿತ್ತು. ಉತ್ತರ ಕರ್ನಾಟಕದ ಒಡಪು, ಮರಾಠಿಯ ಉಖಾಣೆ ಇವುಗಳಲ್ಲಿ ಪ್ರಾಸದ ಮರೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಹೇಳುತ್ತಾಳೆ, ಗಂಡ ಹೆಂಡತಿಯ ಹೆಸರನ್ನು ಹೇಳುತ್ತಾನೆ. ಸುತ್ತ ನೆರೆದವರು ನಗುತ್ತಾರೆ. ಆ ಕ್ಷಣದ ಮಟ್ಟಿಗಾದರೂ ನಾಲಗೆಗಳೆರಡೂ ಸಮ.

ಇಂದು ಹೆಂಡತಿ ಗಂಡನನ್ನು ಹೆಸರು ಹಿಡಿದು ‘ಬಾರೋ’ ಎನ್ನುವುದನ್ನು ಕೇಳಿ ಹಿರಿಯರು ಗೌರವ ಅಳಿಯಿತೆಂದು ಕೊರಗುತ್ತಾರೆ. ಅಳಿದುದು ಗೌರವವೋ ಅದರ ಏಕಮುಖತೆಯೋ ಎಂಬುದನ್ನು ವಿವೇಚಿಸಬೇಕು. ‘ಬಾರೋ’ಗೆ ‘ಬಾರೇ’ ಉತ್ತರವಾಗಿ ಬರುತ್ತಿದ್ದರೆ ಕಳೆದುಕೊಂಡವರು ಯಾರೂ ಇಲ್ಲ. ಇದಕ್ಕೆ ಒಂದು ಎಚ್ಚರಿಕೆಯೂ ಸೇರಬೇಕು. ಮನೆಯೊಳಗೆ ಇಬ್ಬರೂ ಸಮವಾಗಿ ಆಡಿಕೊಂಡ ಮಾತನ್ನು ಗೆಳೆಯರ ಗುಂಪಿನ ಮುಂದೆ ಒಬ್ಬರೇ ಆಡಿದಾಗ ಅದು ಸಮವಾಗಿ ಉಳಿಯುವುದಿಲ್ಲ. ಕೇಳುವವರ ನಗೆ ಆಡಿದವರ ಕಡೆಗೆ ವಾಲುತ್ತದೆ.

ಪ್ರದೇಶಭೇದ ಇನ್ನೊಂದು ತೊಡಕು. ದೇಸಿಗಳ ಬಗೆಬಗೆಯನ್ನು ಅರಿಯಹೊರಟರೆ ವಾಸುಕಿಯೂ ಬೇಸರಗೊಂಡಾನೆಂದು ‘ಕವಿರಾಜಮಾರ್ಗ’ಕಾರನು ಎಚ್ಚರಿಸಿ ಹನ್ನೊಂದು ಶತಮಾನಗಳೇ ಕಳೆದಿವೆ. ಹೆಂಡತಿಗೆ ಮೈಸೂರಿನವನು ಅನ್ನುವ ‘ಲೇ’ಯನ್ನು ಧಾರವಾಡದವನು ಗೆಳೆಯನಿಗೆ ಅನ್ನುತ್ತಾನೆ. ಧಾರವಾಡದ ಮಗ ತಾಯಿಗೆ ಅಕ್ಕರೆಯಿಂದ ಹಚ್ಚುವ ‘ಬೇ’ ಮೈಸೂರಿನ ಕಿವಿಗೆ ಅಪರಿಚಿತ; ಹಿಂದಿಯ ಕಿವಿಗೆ ಅದು ತಾತ್ಸಾರ. ಮಂಡ್ಯದ ಹಳ್ಳಿಯಲ್ಲಿ ಗಂಡಿಗೆ ‘ಲಾ’, ಹೆಣ್ಣಿಗೆ ‘ಅಮ್ಮಿ’. ಹವ್ಯಕ ಕನ್ನಡದಲ್ಲಿ ಹೆಂಗಸರನ್ನು ನಪುಂಸಕಲಿಂಗದಲ್ಲಿ ‘ಅದು ಬಂತು’ ಎನ್ನುವುದು ಸಹಜವಾದ ವ್ಯಾಕರಣ. ಅದನ್ನು ಕೇಳಿದ ಬೇರೆ ಸೀಮೆಯ ಸೊಸೆಗೆ ತನ್ನನ್ನು ವಸ್ತುವಾಗಿ ಎಣಿಸಿದರೆಂದು ತೋರಬಹುದು. ಊರಿನಲ್ಲಿದ್ದರೆ ಒಂದಾಗದ ಈ ಸೀಮೆಗಳು ಹೊರನಾಡಿನ ನಗರಗಳಲ್ಲಿ ಮದುವೆಯ ಮೂಲಕ ಒಂದೇ ಮನೆಯೊಳಗೆ ಕೂಡುತ್ತವೆ. ಪದಕ್ಕೆ ತನ್ನದೇ ಆದ ಮಾನಾವಮಾನಗಳಿಲ್ಲವೆಂಬುದಕ್ಕೆ ಇಂಥ ಮನೆಗಳಿಗಿಂತ ಉತ್ತಮ ಸಾಕ್ಷ್ಯ ಬೇಡ. ಅಲ್ಲಿ ಉಳಿಯುವ ದಾರಿಯೊಂದೇ: ನೋವಾಯಿತೆಂದು ಹೇಳುವ ಸ್ವಾತಂತ್ರ್ಯ, ಹೇಳಿದಾಗ ಕೇಳುವ ಸೌಜನ್ಯ.

6

ಬೈಗುಳದ ವಿಚಾರವನ್ನು ಮುಟ್ಟದೆ ಈ ಪರಾಮರ್ಶೆ ಮುಗಿಯದು. ಕನ್ನಡದ ಗಂಡಸರು ಗಂಡಸರನ್ನೇ ಬೈಯುವಾಗಲೂ ಪೆಟ್ಟು ಬೀಳುವುದು ಬಹುಮಟ್ಟಿಗೆ ಅಲ್ಲಿಲ್ಲದ ತಾಯಿಯ ಮೇಲೆ, ಅಕ್ಕತಂಗಿಯರ ಮೇಲೆ. ‘ಬೋಳಿಮಗ’ ಎಂಬ ಬೈಗುಳದಲ್ಲಿ ತಲೆ ಬೋಳಿಸಿದ ವಿಧವೆಯೊಬ್ಬಳ ದುಃಖ ಹೂತುಹೋಗಿದೆ. ಆ ಆಚಾರ ಅಳಿದರೂ ಅದರ ಕ್ರೌರ್ಯ ಬಾಯಿಯಲ್ಲಿ ಉಳಿದಿದೆ. ವಿಧವೆಯನ್ನೇ ಸೂಚಿಸುತ್ತಿದ್ದ ‘ಮುಂಡೆ’ ಎಂಬ ಮಾತು ಬೈಗುಳವಾಗಿ, ಅಲ್ಲಿಂದ ‘ಮುದ್ದು ಮುಂಡೇದು’ ಎಂದು ಮಕ್ಕಳ ಮೇಲಣ ಅಕ್ಕರೆಗೂ ಇಳಿದಿದೆ. ಮುದ್ದಿನ ಮಾತಾಗಿ ಅದು ನಿರ್ದೋಷವಾಯಿತೆನ್ನಬೇಕೋ, ಅಕ್ಕರೆಗೂ ಹೆಣ್ಣಿನ ಅಳಲೇ ಒದಗಬೇಕಾಯಿತಲ್ಲ ಎನ್ನಬೇಕೋ, ಓದುಗರು ಯೋಚಿಸಬಹುದು.

ಇದೇ ಬೈಗುಳವನ್ನು ಹೆಣ್ಣು ಆಡಿದರೆ ಅವಳಿಗೆ ಹೆಸರುಗಳು ಸಿದ್ಧವಾಗಿವೆ: ಬಜಾರಿ, ಗಯ್ಯಾಳಿ, ಬಾಯಿಬಡುಕಿ. ಬಾಯಿ ಜೋರಾದ ಗಂಡಸಿಗೆ ಈ ತೂಕದ ಪದಗಳು ನಿಘಂಟಿನಲ್ಲಿ ವಿರಳ. ಮರುನುಡಿಯನ್ನು ತಡೆಯಲೆಂದೇ ಭಾಷೆ ಕಟ್ಟಿದ ಬೇಲಿಗಳಿವು. ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ತಮ್ಮ ಕಥೆಗೆ ‘ಕಿರಗೂರಿನ ಗಯ್ಯಾಳಿಗಳು’ ಎಂದು ಹೆಸರಿಟ್ಟಾಗ ಆ ಬೇಲಿಯ ಗೂಟವೊಂದನ್ನು ಕಿತ್ತರು. ಅಲ್ಲಿ ಊರನ್ನು ಉಳಿಸುವುದು ಗಯ್ಯಾಳಿಗಳ ಬಾಯಿಯೇ. 2016ರಲ್ಲಿ ಸುಮನಾ ಕಿತ್ತೂರು ಅದನ್ನು ಚಲನಚಿತ್ರವಾಗಿಸಿದರು. ಬೈಗುಳವಾಗಿದ್ದ ಮಾತನ್ನು ಚಿತ್ರಮಂದಿರದ ಹೊರಗೆ ದೊಡ್ಡ ಅಕ್ಷರಗಳಲ್ಲಿ ಬರೆದುದಾಯಿತು.

ಈ ಎಲ್ಲ ಸಾಕ್ಷ್ಯಗಳಿಂದ ಹೊರಡುವ ನಿಗಮನ ಸರಳವಾದುದು. ಒರಟುನುಡಿ ಗಂಡುಹೆಣ್ಣುಗಳ ಒಲವನ್ನು ಕೆಡಿಸುವುದೂ ಇಲ್ಲ, ಬೆಳೆಸುವುದೂ ಇಲ್ಲ. ಅವರ ನಡುವೆ ಮೊದಲೇ ಇರುವ ಸಮತೆಯನ್ನೋ ವಿಷಮತೆಯನ್ನೋ ಬಯಲಿಗೆ ತರುತ್ತದೆ. ನಯನುಡಿ ಅದನ್ನು ಬಹುಕಾಲ ಮುಚ್ಚಿಡಬಲ್ಲುದು. ಆದುದರಿಂದ ಹೊಸ ದಂಪತಿಗಳ ಮಾತನ್ನು ಕೇಳಿ ಹಿರಿಯರು ಅಳೆಯಬೇಕಾದುದು ಪದದ ಮಡಿಯನ್ನಲ್ಲ. ಒಬ್ಬರು ಆಡಿದಾಗ ಇನ್ನೊಬ್ಬರು ತಲೆಯೆತ್ತಿ ಉತ್ತರ ಕೊಡುತ್ತಾರೆಯೇ, ಅಥವಾ ತಲೆತಗ್ಗಿಸಿ ಒಳಮನೆಗೆ ನಡೆಯುತ್ತಾರೆಯೇ ಎಂಬುದನ್ನು. ಮನೋರಮೆ ಗಂಡನೆದುರು ಕುಳಿತೇ ಕೊಂಕುನುಡಿದಳು. ಅಮೃತಮತಿ ಕತ್ತಲಲ್ಲಿ ಬೇಡಿಕೊಂಡಳು. ಕನ್ನಡದ ದಾಂಪತ್ಯಗಳು ಇವರಿಬ್ಬರಲ್ಲಿ ಯಾರ ಮನೆಯನ್ನು ಹೋಲುತ್ತವೆಯೆಂಬುದರ ಮೇಲೆ ಕನ್ನಡದ ಮರ್ಯಾದೆ ನಿಂತಿದೆ.